ಸೆಂದಾ ಕೂರದ ಸೀಟು

ತಾಕ್ಯೋ ಬೈಕು ತಂದ ದಿನವೇ ನನಗೆ ಗೊತ್ತಾಯಿತು, ಈ ಮನುಷ್ಯ ಇನ್ನು ನನ್ನ ತಲೆ ತಿನ್ನುತ್ತಾನೆ ಎಂದು. ನಮ್ಮೂರು ಬಾಗ್ತಿಕ್‌ಗೆ ಇರುವುದು ಒಂದೇ ಪಂಕ್ಚರ್ ಅಂಗಡಿ, ಅದು ನನ್ನದು. ಗಂಡ ತೀರಿಕೊಂಡಾಗ ಅವನ ವೆಲ್ಡಿಂಗ್ ಯಂತ್ರವನ್ನು ಮಾರಿಬಿಡು ಅಂತ ಊರೆಲ್ಲ ಬುದ್ಧಿ ಹೇಳಿತು. ನಾನು ಮಾರಲಿಲ್ಲ, ಕಲಿತೆ. ಹಾಗಾಗಿ ಯಾರ ಬೈಕಿನಲ್ಲಿ ಏನು ಮುರಿದಿದೆ, ಯಾರ ಮನೆಯಲ್ಲಿ ಏನು ಮುರಿದಿದೆ ಎರಡೂ ಮೊದಲು ನನಗೇ ತಿಳಿಯುತ್ತದೆ. ಹಾಗಂತ ನಾನು ಅಂದುಕೊಂಡಿದ್ದೆ.

ತಾಕ್ಯೋನ ಪೂರ್ತಿ ಹೆಸರು ಎವುಸ್ತಾಕ್ಯೋ. ಅವನ ಮಗನ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ನಾನು, ಆದ್ದರಿಂದ ಅವನು ನನಗೆ ಪಾರೆ. ಅವನಿಗೂ ಅವನ ಹೆಂಡತಿ ಸೆಂದಾಳಿಗೂ ನಾನು ಮಾರೆ. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ನೋಡಿದರೆ ಸಿಟ್ಟು ಬರಬೇಕು. ಯಾರು ಏನು ಹೇಳಿದರೂ ತಲೆಯಾಡಿಸುತ್ತಾನೆ. ಇಬ್ಬರು ಒಂದಕ್ಕೊಂದು ವಿರುದ್ಧವಾದ ಮಾತು ಹೇಳಿದರೆ ಇಬ್ಬರಿಗೂ ತಲೆಯಾಡಿಸಿ, ಆಮೇಲೆ ನನ್ನ ಅಂಗಡಿಗೆ ಬಂದು ಹಳೇ ಟೈರುಗಳ ಮೇಲೆ ಕೂತು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡುತ್ತಾನೆ. ಮೂವತ್ತು ವರ್ಷ ಕೋಣ ಹೊಡೆದವನು. ಬೆಟ್ಟದ ಮೇಲಿನ ಇಲಾಯಾ ಕೇರಿಯಿಂದ ಶುಂಠಿ, ಬಾಳೆಗೊನೆ, ಸೀಮೆಬದನೆಯನ್ನು ಗಾಲಿಯಿಲ್ಲದ ಮರದ ಬಂಡಿಯ ಮೇಲೆ ಹೇರಿಕೊಂಡು ಕೆಳಗೆ ತರುವುದು ಅವನ ಕೆಲಸ. ದಾರಿ ಕೋಣಕ್ಕೆ ಗೊತ್ತಿತ್ತು, ಇವನು ಹಿಂದಿನಿಂದ ನಡೆಯುತ್ತಿದ್ದ. ಕಳೆದ ಮಳೆಗಾಲದಲ್ಲಿ ಆ ಕೋಣ ಸತ್ತಿತು. ಎಷ್ಟೋ ದಿನ ಬರೀ ಹಗ್ಗ ಹಿಡಿದುಕೊಂಡು ಅಂಗಳದಲ್ಲಿ ನಿಂತಿರುತ್ತಿದ್ದ, ಪಾಪ.

ಆ ವರ್ಷ ಶುಂಠಿ ಚೆನ್ನಾಗಿ ಬಂದದ್ದರಿಂದ ಬೈಕು ಬಂತು. ಕೆಂಪು ಬಣ್ಣದ, ನೂರೈವತ್ತು ಸಿಸಿಯ ಟ್ರೇಲ್ ಬೈಕು. ಡಾಂಬರಿಗೂ ಆಗುತ್ತದೆ, ಕೆಸರಿಗೂ ಆಗುತ್ತದೆ. ಹಲ್ಲುಹಲ್ಲಿನ ಟೈರು, ಮೊಣಕಾಲೆತ್ತರದ ಕಲ್ಲು ಹತ್ತಿದರೂ ತಳ ತಾಗದಷ್ಟು ಎತ್ತರ, ತೆಳ್ಳಗಿನ ಸೀಟು. ನಾನು ಒಂದು ಸುತ್ತು ಹಾಕಿ ನೋಡಿದೆ. ನಮ್ಮ ಬೆಟ್ಟಕ್ಕೆ ಹೇಳಿ ಮಾಡಿಸಿದ ಗಾಡಿ, ಸುಳ್ಳು ಯಾಕೆ ಹೇಳಲಿ, ನನಗೇ ಆಸೆಯಾಯಿತು.

ತಾಕ್ಯೋ ಅದನ್ನು ದಿನಾ ಸಂಜೆ ಹೊಳೆಗೆ ಇಳಿಸಿ ತೆಂಗಿನ ನಾರಿನಿಂದ ಉಜ್ಜಿ ತೊಳೆಯುತ್ತಿದ್ದ. ಅಂಗಳದಲ್ಲಿ ನಿಲ್ಲಿಸಿ ಮುಂದಿನ ಚಕ್ರಕ್ಕೆ ಹಗ್ಗ ಹಾಕಿ ಹಲಸಿನ ಮರಕ್ಕೆ ಕಟ್ಟುತ್ತಿದ್ದ. ಬೀಗ ಇದೆಯಲ್ಲೋ ಅಂದರೆ, ಇದೆ ಮಾರೆ, ಆದರೂ ಕಟ್ಟಿದರೆ ನಿದ್ದೆ ಬರುತ್ತದೆ ಅನ್ನುತ್ತಿದ್ದ. ಐವತ್ತೆಂಟರ ವಯಸ್ಸಿನಲ್ಲಿ ಗೇರು ಕಲಿಯುವುದು ಸುಮ್ಮನೆ ಮಾತಲ್ಲ. ಶಾಲೆಯ ಬೇಲಿಗೆ ನುಗ್ಗಿದ, ಕೋಳಿಗೂಡಿಗೆ ನುಗ್ಗಿದ, ಒಂದು ಸಲ ನನ್ನ ಅಂಗಡಿಗೇ ನುಗ್ಗಿ ನೀರಿನ ತೊಟ್ಟಿಯಲ್ಲಿ ಮುಂದಿನ ಚಕ್ರ ಅದ್ದಿ ನಿಲ್ಲಿಸಿ, ಬ್ರೇಕು ಹಿಡಿದೆ ಮಾರೆ, ಅದು ಕೇಳಲಿಲ್ಲ ಅಂದ. ಆದರೂ ಕಲಿತ.

ಯಾಕೆ ಇಷ್ಟು ಕಷ್ಟಪಡುತ್ತಿದ್ದಾನೆ ಅಂತ ಊರಿಗೆಲ್ಲ ಗೊತ್ತಿತ್ತು. ಸೆಂದಾಳ ಅಕ್ಕ ಬಸಿಂಗ್ ಇಲಾಯಾದಲ್ಲಿ ಹಾಸಿಗೆ ಹಿಡಿದಿದ್ದಳು. ಎದೆಯ ಕಾಯಿಲೆ. ಎದ್ದು ಕೂತರೆ ಉಸಿರು ಸಿಗದು, ಮಲಗಿದರೆ ಕೆಮ್ಮು. ಇದ್ದರೆ ಇನ್ನು ಕಬ್ಬು ಕಡಿಯುವ ತನಕ ಇದ್ದಾಳು ಅಂತ ಮೇಲಿನಿಂದ ಬಂದವರು ಹೇಳುತ್ತಿದ್ದರು. ಸೆಂದಾ ತವರಿನ ಆ ಬೆಟ್ಟ ಹತ್ತಿ ಇಪ್ಪತ್ತು ವರ್ಷದ ಮೇಲಾಗಿತ್ತು. ಕೇಳಿದರೆ ದಾರಿ ಕೆಟ್ಟದ್ದು ಅನ್ನುತ್ತಿದ್ದಳು, ಮಂಡಿ ನೋವು ಅನ್ನುತ್ತಿದ್ದಳು, ಕೋಣದ ಬಂಡಿಯಲ್ಲಿ ಕೂತರೆ ಸೊಂಟ ಮುರಿಯುತ್ತದೆ ಅನ್ನುತ್ತಿದ್ದಳು. ಅದೂ ನಿಜವೇ. ಅಕ್ಕತಂಗಿಯರ ನಡುವೆ ಜಗಳವೆಂದು ಯಾರೂ ತಿಳಿದಿರಲಿಲ್ಲ. ತಾಕ್ಯೋ ಮೇಲೆ ಹೋಗುವಾಗ ಸೆಂದಾ ಒಣಮೀನು ಕಟ್ಟಿ ಕೊಡುತ್ತಿದ್ದಳು, ಬರುವಾಗ ಬಸಿಂಗ್ ಗೆಣಸು ಕಳಿಸುತ್ತಿದ್ದಳು. ಈಗ ಬೈಕು ಬಂತಲ್ಲ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗಿ ಅಕ್ಕನ ಮುಖ ತೋರಿಸಿಕೊಂಡು ಬರುವುದು. ತಾಕ್ಯೋನ ತಲೆಯಲ್ಲಿ ಇದ್ದದ್ದು ಇಷ್ಟೇ.

ಬೈಕು ಓಡಿಸಲು ಕಲಿತ ದಿನ ಅಂಗಳದಲ್ಲಿ ನಿಲ್ಲಿಸಿ, ಬಾ ಕೂತ್ಕೋ ಅಂತ ಕರೆದ. ಸೆಂದಾ ಬಾಗಿಲಲ್ಲಿ ನಿಂತು ಬೈಕನ್ನು ಮೇಲಿಂದ ಕೆಳಗೆ ನೋಡಿದಳು. ಆಶೀರ್ವಾದ ಆಗದ ಗಾಡಿಗೆ ಕೂರುತ್ತಾರಾ ಯಾರಾದರೂ ಅಂದಳು. ಅದು ಸರಿಯಾದ ಮಾತೇ. ಪಾದ್ರಿಗಳು ನಮ್ಮೂರಿಗೆ ಬರುವುದು ತಿಂಗಳಿಗೊಂದು ಸಲ, ಕಾಯಬೇಕು. ಆಶೀರ್ವಾದ ಅಂದ ಮೇಲೆ ಧರ್ಮತಂದೆ, ಧರ್ಮತಾಯಿ ಬೇಕು. ಮನೆಗೆ, ದೋಣಿಗೆ ಇಡುವ ಹಾಗೆ ಬೈಕಿಗೂ ಇಡುತ್ತೇವೆ ನಾವು. ಒಂದು ಜೋಡಿ ಸಾಕು, ಹೆಚ್ಚೆಂದರೆ ಎರಡು.

ತಾಕ್ಯೋ ಎಷ್ಟು ಜನರಿಗೆ ಹೇಳಿದ ಅಂತ ಅವನಿಗೇ ಗೊತ್ತಿಲ್ಲ. ಮೊದಲು ನನಗೆ ಹೇಳಿದ. ನನಗೆ ಹೇಳಿ ಊರ ಮುಖ್ಯಸ್ಥ ಕಪಿತಾನನಿಗೆ ಹೇಳದೆ ಇರುವುದು ಹೇಗೆ? ಕಪಿತಾನನಿಗೆ ಹೇಳಿದ್ದು ಚುನಾವಣೆಯಲ್ಲಿ ಅವನ ಎದುರಾಳಿಯಾಗಿ ನಿಂತವನಿಗೆ ಗೊತ್ತಾಯಿತು, ಅವನು ದಾರಿಯಲ್ಲಿ ಸಿಕ್ಕು ನಮ್ಮ ನೆನಪು ಇಲ್ಲವೇನೋ ಅಂತ ನಕ್ಕ, ಅವನಿಗೂ ಹೇಳಿದ. ಕಬ್ಬಿನ ಮೇಸ್ತ್ರಿ, ಅಕ್ಕಿ ಮಿಲ್ಲಿನವಳು, ಶಾಲೆಯ ಟೀಚರು, ಹೆಂಡ ಇಳಿಸುವವನು, ಎಲ್ಲರೂ ಸೇರಿದರು. ಇದರಲ್ಲಿ ಅರ್ಧದಷ್ಟು ಹೆಸರುಗಳನ್ನು ಸೆಂದಾಳೇ ನೆನಪಿಸಿ ಕೊಟ್ಟಿದ್ದಳು. ಅವರನ್ನು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ, ಇವರನ್ನು ಹೇಗೆ ಬಿಡುವುದು ಅಂತ ಒಂದೊಂದಾಗಿ. ನನಗಾಗ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಪಾದ್ರಿಗಳು ಬರುವ ಮೊದಲೇ ಮುದುಕನೊಬ್ಬ ಹುಂಜದ ರಕ್ತವನ್ನು ಎರಡೂ ಚಕ್ರಗಳಿಗೆ ಹಚ್ಚಿ ಮುಗಿಸಿದ್ದ. ಪಾದ್ರಿಗಳು ಅದನ್ನು ಕಂಡೂ ಕಾಣದವರ ಹಾಗೆ ತೀರ್ಥ ಚಿಮುಕಿಸಿದರು. ಹುಂಜವನ್ನು ಸಾರು ಮಾಡಿ ಎಲ್ಲರೂ ಉಂಡೆವು. ಧರ್ಮತಂದೆ ಆದವನು ಬರಿಗೈಲಿ ಬರುವ ಹಾಗಿಲ್ಲ. ಮಗುವಿಗಾದರೆ ಅಂಗಿ ತರುತ್ತಾರೆ, ಬೈಕಿಗೆ ಏನು ತರುತ್ತಾರೆ? ಸಾಮಾನು ತಂದರು. ಕಪಿತಾನ ಹಾಡು ಹಾಡುವ ಹಾರ್ನು ತಂದ, ಅವನ ಎದುರಾಳಿ ಅದಕ್ಕಿಂತ ದೊಡ್ಡದಾಗಿ ಕಾಣಲಿ ಅಂತ ಎರಡು ಮಂಜಿನ ದೀಪ ತಂದ. ಮೇಸ್ತ್ರಿ ಹಿಂದೆ ಕೂರಿಸುವ ಪೆಟ್ಟಿಗೆ. ಟೀಚರು ಕುಚ್ಚು ಇಳಿಬಿಟ್ಟ ಕನ್ನಡಿಗಳು. ಅಕ್ಕಿ ಮಿಲ್ಲಿನವಳು ದೊಡ್ಡ ಕೊಡೆ ಕೊಟ್ಟು, ಇದನ್ನು ನಿಲ್ಲಿಸಲು ಒಂದು ಕಂಬ ಮಾರೆ ತೆಪಾಂಗ್ ಮಾಡಿಕೊಡುತ್ತಾಳೆ ಅಂದಳು. ನನ್ನನ್ನು ಒಂದು ಮಾತು ಕೇಳದೆ! ಯಾರು ಏನು ಕೊಟ್ಟರೂ ಅದನ್ನು ಕೂರಿಸುವ ಪಟ್ಟಿ, ಕೊಳವೆ, ಚೌಕಟ್ಟು ಎಲ್ಲವೂ ನನ್ನ ತಲೆಗೇ ಬಂತು.

ಒಂದನ್ನೂ ಬಿಡುವ ಹಾಗಿರಲಿಲ್ಲ. ಕೊಟ್ಟವರ ಮನೆ ಮುಂದೆ ಬೈಕು ಹೋಗುವಾಗ ಅವರು ಕೊಟ್ಟದ್ದು ಬೈಕಿನ ಮೇಲೆ ಕಾಣಬೇಕು, ಇಲ್ಲದಿದ್ದರೆ ಮುಖಕ್ಕೆ ಹೊಡೆದ ಹಾಗೆ. ತಾಕ್ಯೋ ಅಂತೂ ಹಾಗೆ ಯಾರ ಮುಖಕ್ಕೂ ಹೊಡೆಯುವವನಲ್ಲ. ಎಲ್ಲವನ್ನೂ ಹಾಕಿಸಿದ. ಹಾಕಿದ ಮೇಲೆ ಬೈಕು ಮದುವೆ ದಿಬ್ಬಣದ ಗಾಡಿಯ ಹಾಗೆ ಆಯಿತು, ಕೆಂಪು ಬಣ್ಣ ಎಲ್ಲಿದೆ ಅಂತ ಹುಡುಕಬೇಕು.

ಆಗಲಾದರೂ ಸೆಂದಾ ಕೂರುತ್ತಾಳೆ ಅಂದುಕೊಂಡೆವು. ಕೂರಲಿಲ್ಲ. ಸೀಟು ಗಟ್ಟಿ ಅಂದಳು. ತಾಕ್ಯೋ ಬಂದು ಹೇಳಿದ, ನಾನು ಹಲಗೆ ಇಟ್ಟು ಅದರ ಮೇಲೆ ಸ್ಪಂಜು ಹಾಕಿ ರೆಕ್ಸಿನ್ ಹೊದಿಸಿಕೊಟ್ಟೆ. ಬೆನ್ನಿಗೆ ಆಸರೆ ಇಲ್ಲ ಅಂದಳು. ಆಸರೆ ಬೆಸೆದೆ. ಕಾಲಿಡಲು ಅಗಲವಾದದ್ದು ಬೇಕು ಅಂದಳು, ಅದನ್ನೂ ಮಾಡಿದೆ. ಕೈ ಹಿಡಿಯಲು ಕಂಬಿ ಅಂದಳು. ಆಮೇಲೆ ಅಕ್ಕನಿಗೆ ಅಕ್ಕಿ ಒಯ್ಯಬೇಡವಾ, ಎರಡು ಪಕ್ಕಕ್ಕೂ ಬುಟ್ಟಿ ಇರಲಿ ಅಂದಳು. ಪ್ರತಿ ಸಲವೂ ತಾಕ್ಯೋ ಕುಣಿಯುತ್ತ ಬರುತ್ತಿದ್ದ, ಇದೊಂದು ಆದರೆ ಕೂರುತ್ತಾಳಂತೆ ಮಾರೆ ಅಂತ. ಪ್ರತಿ ಸಲವೂ ಜೋಲು ಮುಖ ಹಾಕಿಕೊಂಡು ವಾಪಸ್ಸು ಬರುತ್ತಿದ್ದ.

ನನಗೆ ತಲೆಬುಡ ಅರ್ಥವಾಗಲಿಲ್ಲ. ಕೂರುವ ಮನಸ್ಸಿಲ್ಲದವಳು ಬೈಕನ್ನು ಬೈಯಬೇಕು. ಇವಳು ಬೈಯುವುದಿಲ್ಲ, ಇನ್ನೂ ಒಂದು ಹಾಕಿಸು ಅನ್ನುತ್ತಾಳೆ. ಹೆದರಿಕೆಯಾ ಅಂದರೆ ಅದೂ ಅಲ್ಲ. ಸಂತೆಗೆ ಬೇರೆಯವರ ಬೈಕಿನಲ್ಲಿ ನಾಲ್ಕನೆಯವಳಾಗಿ ತುದಿಯಲ್ಲಿ ಕೂತು ಹೋಗುವ ಹೆಂಗಸು. ಒಂದು ದಿನ ತಾಕ್ಯೋ ಟೈರುಗಳ ಮೇಲೆ ಕೂತು ಕೇಳಿದ:

"ಮಾರೆ, ಹೆಂಗಸರಿಗೆ ಕೆಂಪು ಬಣ್ಣ ಆಗಲ್ವಾ?"

ನನಗೆ ನಗು ಬಂತು, ಕೂಡಲೇ ಅಯ್ಯೋ ಅನಿಸಿತು.

ಅಷ್ಟರಲ್ಲಿ ಮೇಲಿನಿಂದ ಸುದ್ದಿ ಕೆಟ್ಟದಾಗಿ ಬರತೊಡಗಿತು. ಬಸಿಂಗ್ ಗಂಜಿ ಬಿಟ್ಟು ಬೇರೇನೂ ನುಂಗುತ್ತಿಲ್ಲ, ಪಕ್ಕದ ಮನೆಯವಳೇ ನೋಡಿಕೊಳ್ಳುತ್ತಿದ್ದಾಳೆ ಅಂತ. ತಾಕ್ಯೋ ತಡೆಯಲಾರದೆ, ಮೊದಲು ತಾನೊಬ್ಬನೇ ಹತ್ತಿ ನೋಡಿ ಬರುತ್ತೇನೆ, ಹೆಂಡತಿಗೆ ಧೈರ್ಯ ಬರಲಿ ಅಂತ ಹೊರಟ. ಬುಟ್ಟಿಯಲ್ಲಿ ಅಕ್ಕಿ, ಪೆಟ್ಟಿಗೆಯಲ್ಲಿ ಒಣಮೀನು. ಹೊಳೆ ದಾಟಿದ ಮೇಲೆ ಒಂದು ಏರು ಇದೆ, ಬರೀ ಜಾರುಮಣ್ಣು. ಭಾರವೆಲ್ಲ ಹಿಂದೆ, ಮುಂದೆ ಹಗುರ. ಅರ್ಧ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತಂತೆ, ಕೊಡೆ ಬಿದಿರಿಗೆ ಸಿಕ್ಕಿಕೊಂಡಿತಂತೆ, ಇವನು ಅಂಗಾತ ಬಿದ್ದನಂತೆ. ಬೈಕು ತಳ್ಳಿಕೊಂಡು ಬಂದ. ಭುಜ ಊದಿತ್ತು, ಕೊಡೆಯ ಕಡ್ಡಿಗಳು ಎಲ್ಲ ದಿಕ್ಕಿಗೂ ನಿಂತಿದ್ದವು, ಹಾರ್ನು ಮಾತ್ರ ನಿಲ್ಲದೆ ಹಾಡುತ್ತಿತ್ತು.

ಸೆಂದಾ ಎಲೆ ಬಿಸಿ ಮಾಡಿ ಅವನ ಭುಜಕ್ಕೆ ಒತ್ತಿದಳು. ನಾನು ಅಲ್ಲೇ ಇದ್ದೆ. ಗಂಡ ಬಿದ್ದು ಬಂದಿದ್ದಾನೆ ಅಂತ ಕಣ್ಣಲ್ಲಿ ನೀರು ಇತ್ತು, ನಿಜ. ಆದರೆ ಅದರ ಜೊತೆಗೆ ಇನ್ನೊಂದು ಏನೋ ಇತ್ತು ಆ ಮುಖದಲ್ಲಿ, ಹೆರಿಗೆ ಮುಗಿದವರ ಮುಖದಲ್ಲಿ ಇರುವ ಹಾಗೆ ಒಂದು ಸಮಾಧಾನ. ನಾನು ಮೊದಲೇ ಹೇಳಲಿಲ್ಲವಾ, ದಾರಿ ಕೆಟ್ಟದ್ದು, ನಮ್ಮ ಹಣೆಯಲ್ಲಿ ಇಲ್ಲ ಬಿಡು ಅಂದಳು. ತಾಕ್ಯೋ ಚಾಪೆಯ ಮೇಲೆ ಮಲಗಿ ತಲೆಯಾಡಿಸಿದ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಇಷ್ಟು ಬೆಸುಗೆ ಹಾಕಿದ್ದು, ಕಣ್ಣು ಕೆಂಪಗೆ ಮಾಡಿಕೊಂಡದ್ದು ಇದಕ್ಕಾ?

ಮಾರನೆಯ ದಿನ ಬೈಕನ್ನು ನನ್ನ ಅಂಗಡಿಗೆ ತಳ್ಳಿಸಿಕೊಂಡು ಬಂದು ಎಲ್ಲವನ್ನೂ ಬಿಚ್ಚಿದೆ. ದೀಪ, ಪೆಟ್ಟಿಗೆ, ಕಂಬ, ಬುಟ್ಟಿ, ಕುಚ್ಚು, ಒಂದೂ ಬಿಡಲಿಲ್ಲ. ಸೆಂದಾಳಿಗಾಗಿ ಮಾಡಿದ ಮೆತ್ತನೆಯ ಸೀಟು, ಕೈಕಂಬಿ ಮಾತ್ರ ಉಳಿಸಿದೆ. ತಾಕ್ಯೋ ಪಕ್ಕದಲ್ಲಿ ನಿಂತು, ಅವರೆಲ್ಲ ಕೇಳಿದರೆ ಏನು ಹೇಳಲಿ ಅಂತ ಬೆವರುತ್ತಿದ್ದ. ನನ್ನ ಬೆಸುಗೆ ಬಿರುಕು ಬಿಟ್ಟಿತು, ಮಾರೆ ರಿಪೇರಿಗೆ ಇಟ್ಟುಕೊಂಡಿದ್ದಾಳೆ ಅನ್ನು, ಬೈಗುಳ ನನಗೆ ಬರಲಿ ಅಂದೆ. ಬಂತು. ಕಪಿತಾನ ಅಂಗಡಿಗೇ ಬಂದು, ನಿನ್ನ ಗಂಡನ ಬೆಸುಗೆ ಬಿಡುತ್ತಿರಲಿಲ್ಲ ಅಂತ ಚುಚ್ಚಿ ಹೋದ. ನಾನು ಹಲ್ಲು ಕಚ್ಚಿಕೊಂಡು ಹೌದು ಅಂದೆ. ಅವನ ಹಾರ್ನು ಇವತ್ತಿಗೂ ನನ್ನ ಅಟ್ಟದ ಮೇಲಿದೆ.

ಭುಜದ ಊತ ಇಳಿದ ಮೇಲೆ ತಾಕ್ಯೋ ಮತ್ತೆ ಹತ್ತಿದ. ಬರಿಮೈ ಬೈಕು, ಬರುವಾಗ ಹಿಂದೆ ಒಂದು ಮೂಟೆ ಶುಂಠಿ. ಮಧ್ಯಾಹ್ನದೊಳಗೆ ಹೋಗಿ ಬಂದೂ ಬಿಟ್ಟ! ಅವನು ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಏರಿನಲ್ಲಿ ಗಾಡಿ ಮೇಕೆಯ ಹಾಗೆ ಹೋಯಿತು ಮಾರೆ, ಬಸಿಂಗ್ ಕಿಟಕಿಯಿಂದ ನೋಡಿದರು, ಕೈ ಎತ್ತಿದರು ಅಂತ ಒಂದೇ ಸಮನೆ ಹೇಳಿದ. ನಾಳೆ ಬೆಳಿಗ್ಗೆ ಸೆಂದಾಳನ್ನು ಕರೆದುಕೊಂಡು ಹೋಗುತ್ತೇನೆ ಅಂತ ಮನೆಗೆ ಹೋದ.

ಸ್ವಲ್ಪ ಹೊತ್ತಿಗೆ ಸೆಂದಾ ಬಂದಳು. ನಡೆದು ಬಂದದ್ದಲ್ಲ, ನುಗ್ಗಿ ಬಂದಳು. ಕೈಯಲ್ಲಿ ಅಡುಗೆಯ ಸೌಟು ಹಾಗೇ ಇತ್ತು.

"ಅದನ್ನೆಲ್ಲ ಬಿಚ್ಚು ಅಂತ ನಿಂಗೆ ಹೇಳಿದ್ದು ಯಾರು?"

ಬೈಕು ಬೆಟ್ಟ ಹತ್ತಲಿ ಅಂತ ಬಿಚ್ಚಿದೆ ಅಂದೆ.

"ಅದು ಹತ್ತಬಾರದು ಅಂತಲೇ ಕಣೇ ಇಷ್ಟು ದಿನ ಹಾಕಿಸಿದ್ದು!"

ಅವಳು ತಾಕ್ಯೋ ಕೂರುವ ಟೈರುಗಳ ಮೇಲೆ ಕೂತು ಸೌಟನ್ನು ಮಡಿಲಲ್ಲಿ ಇಟ್ಟುಕೊಂಡು ಅಳಲು ಶುರುಮಾಡಿದಳು. ಅಳುತ್ತಲೇ ಹೇಳಿದಳು. ಅವಳ ಅಮ್ಮ ತೀರಿಕೊಂಡಾಗ ಹೊಳೆ ತುಂಬಿ ಹರಿಯುತ್ತಿತ್ತಂತೆ. ಮಗನಿಗೆ ದಡಾರ, ತಾಕ್ಯೋ ಅವನನ್ನು ನೋಡಿಕೊಂಡು ಮನೆಯಲ್ಲಿ ಉಳಿದ. ಇವಳು ನೀರು ಇಳಿಯಲಿ ಅಂತ ದಡದಲ್ಲಿ ಕಾದು ಕಾದು, ಕೊನೆಗೆ ಯಾರದೋ ಹಗ್ಗ ಹಿಡಿದು ದಾಟಿ, ಒದ್ದೆ ಬಟ್ಟೆಯಲ್ಲಿ ಬೆಟ್ಟ ಹತ್ತಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮನೆಯ ತುಂಬ ಜನ, ಎಲ್ಲರ ಕೈಯಲ್ಲೂ ತಟ್ಟೆ. ಬಸಿಂಗ್ ಬಾಗಿಲಿಗೆ ಬಂದು ನಿಂತಳು. ಇವಳ ಮುಖ ನೋಡಿದಳು. ಬಾ, ಊಟ ಮಾಡು ಅನ್ನಲಿಲ್ಲ, ತಿರುಗಿ ಒಳಗೆ ಹೋದಳು.

ನಮ್ಮಲ್ಲಿ ಅಂಗಳದಲ್ಲಿ ಹಾದು ಹೋಗುವವನನ್ನೂ ಕರೆಯುತ್ತೇವೆ. ನಾಯಿಗೆ ಕಲ್ಲೆಸೆದು ಬಂದವನನ್ನೂ, ನಿನ್ನೆ ಬೇಲಿಗಾಗಿ ಕೈಕೈ ಮಿಲಾಯಿಸಿದವನನ್ನೂ, ಊಟಕ್ಕೆ ಕೂತಾಗ ಕಂಡರೆ ಬಾ ಅನ್ನುತ್ತೇವೆ. ಅವನು ಆಯ್ತು, ಈಗ ತಾನೇ ಉಂಡೆ ಅನ್ನುತ್ತಾನೆ. ಅಷ್ಟೇ. ಅಷ್ಟನ್ನೂ ಅನ್ನಲಿಲ್ಲ ಅಂದರೆ ನೀನು ನನಗೆ ಯಾರೂ ಅಲ್ಲ ಅಂತ ಅರ್ಥ. ಸೆಂದಾ ಅಂಗಳದಿಂದಲೇ ತಿರುಗಿ ಅದೇ ಒದ್ದೆ ಬಟ್ಟೆಯಲ್ಲಿ ಬೆಟ್ಟ ಇಳಿದಳು. ಗಂಡನಿಗೆ ದಾರಿ ಕೆಟ್ಟದ್ದು ಅಂತ ಹೇಳಿದಳು. ಅಂದಿನಿಂದ ಎಲ್ಲರಿಗೂ ಅದನ್ನೇ ಹೇಳಿದಳು.

ಹಾಗಾದರೆ ಆ ಗೆಣಸು, ಒಣಮೀನು ಎಲ್ಲ ಏನು ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಅವಳು ಕಳಿಸಿದಳು, ನಾನೂ ಕಳಿಸಿದೆ, ಅದಕ್ಕೆ ಏನು ಅರ್ಥ ಅಂತ ಇವತ್ತಿಗೂ ಗೊತ್ತಿಲ್ಲ ಅಂದಳು. ಈಗ ಸಾಯುತ್ತಿದ್ದಾಳಲ್ಲೇ, ಒಂದು ಸಲ ಹೋಗಬಾರದಾ ಅಂದೆ.

"ಹೋದೆ ಅಂದ್ಕೋ. ಈಗಲೂ ಕರೀಲಿಲ್ಲ ಅಂದ್ಕೋ. ಆಮೇಲೆ ಅವಳು ಸತ್ತುಹೋಗ್ತಾಳೆ, ನಾನು ಏನ್ ಮಾಡ್ಲಿ? ಹೋಗ್ದೇ ಇದ್ರೆ ಕರೀತಿದ್ಳೇನೋ ಅಂತಾದ್ರೂ ಅಂದ್ಕೊಂಡು ಇರ್ಬಹುದು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವಳ ಪಕ್ಕದಲ್ಲಿ ಕೂತೆ. ಪಾರೆಗೆ ಹೇಳಿಬಿಡು ಅಂದೆ. ಬೇಡ, ಅವನಿಗೆ ಇದೆಲ್ಲ ಬೇಡ, ಅವನು ಬಸಿಂಗ್‌ಳನ್ನು ದೇವರ ಹಾಗೆ ಕಾಣುತ್ತಾನೆ ಅಂದಳು. ಆಗ ನನಗೆ ಒಂದು ಯೋಚನೆ ಬಂತು. ಯೋಚನೆ ಅಂತ ದೊಡ್ಡದಾಗಿ ಏನಲ್ಲ, ಬಾಯಿಗೆ ಬಂದದ್ದು ಹೇಳಿದೆ.

"ನಾನೂ ಬರ್ತೀನಿ. ಬಾಳೆಎಲೇಲಿ ಅನ್ನ ಕಟ್ಕೊಂಡು ಹೋಗೋಣ. ಅವಳು ಕರೀಲಿಲ್ಲ ಅಂದ್ರೆ ಅವಳ ಬಾಗಿಲಲ್ಲೇ ಬಿಚ್ಕೊಂಡು ತಿಂದು ಬರೋಣ. ಯಾರಿಗೆ ನಾಚಿಕೆಯಾಗುತ್ತೆ ನೋಡೋಣ."

ಸೆಂದಾ ಮೂಗು ಒರೆಸಿಕೊಂಡಳು. ನಕ್ಕಳೋ ಅತ್ತಳೋ, ಹೇಳಲಾರೆ. ಸೌಟು ಮರೆತು ಮನೆಗೆ ಹೋದಳು.

ಬೆಳಿಗ್ಗೆ ಮೂವರೂ ಹೊರಟೆವು. ಮುಂದೆ ತಾಕ್ಯೋ, ನಡುವೆ ಸೆಂದಾ, ಹಿಂದೆ ನಾನು. ಹೆಂಡತಿ ಸೀಟಿನ ಮೇಲೆ ಕೂತ ಕೂಡಲೇ ತಾಕ್ಯೋನ ಮುಖ ಕಿವಿಯ ತನಕ ಕೆಂಪಾಯಿತು. ಮೆತ್ತಗಿದೆಯಾ ಅಂತ ಕೇಳಿದ. ಹೂಂ ಅಂದಳು. ಹೊಳೆ ದಾಟುವಾಗ ಕೇಳಿದ, ಏರಿನ ಬುಡದಲ್ಲಿ ಕೇಳಿದ. ಏರಿನಲ್ಲಿ ನಾವಿಬ್ಬರೂ ಇಳಿದು ನಡೆದೆವು, ಮೇಲೆ ಹೋಗಿ ಮತ್ತೆ ಕೂತೆವು. ಮಂಡಿ ನೋವು ಅನ್ನುವ ಹೆಂಗಸು ನನಗಿಂತ ಮುಂದೆ ಹತ್ತಿದ್ದಳು.

ಬಸಿಂಗ್‌ಳ ಮನೆ ಬಿದಿರಿನದು, ನಾಲ್ಕು ಮೆಟ್ಟಿಲು. ತಾಕ್ಯೋ ಕೆಳಗೇ ಉಳಿದು ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಕಲ್ಲು ಹುಡುಕುತ್ತಿದ್ದ. ಸೆಂದಾ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು, ಒಳಗೆ ಕಾಲಿಡಲಿಲ್ಲ. ನಾನು ಅವಳ ಹಿಂದೆ ಅನ್ನದ ಗಂಟು ಹಿಡಿದು ನಿಂತೆ. ಕಿಟಕಿಯ ಕೆಳಗೆ ಚಾಪೆ, ಚಾಪೆಯ ಮೇಲೆ ಬಸಿಂಗ್. ಎಷ್ಟು ಸಣ್ಣಗಾಗಿದ್ದಳು ಅಂದರೆ ಮೊದಲು ಬರೀ ಕಂಬಳಿ ಅಂದುಕೊಂಡೆ. ತಂಗಿಯನ್ನು ನೋಡಿದಳು. ತಂಗಿ ಅವಳನ್ನು ನೋಡಿದಳು. ಬಸಿಂಗ್ ಬಾಯಿ ತೆರೆದಳು, ಮತ್ತೆ ಮುಚ್ಚಿದಳು, ಮುಖವನ್ನು ಒಲೆಯ ಕಡೆ ತಿರುಗಿಸಿದಳು. ಒಲೆ ಆರಿತ್ತು. ಬಾ ಊಟ ಮಾಡು ಅನ್ನಲಿಲ್ಲ.

ಸೆಂದಾಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ಅವಳು ಈಗ ತಿರುಗುತ್ತಾಳೆ ಅಂತ ನನಗೆ ಗೊತ್ತಾಯಿತು. ಹೇಳಿದ ಹಾಗೆ ಅಲ್ಲೇ ಬಾಗಿಲಲ್ಲಿ ಕುಕ್ಕರಿಸಿ ಗಂಟು ಬಿಚ್ಚತೊಡಗಿದೆ. ಬಾಳೆಎಲೆ ಸರಸರ ಅಂದಿತು. ಬಸಿಂಗ್ ಆ ಸದ್ದಿಗೆ ಇತ್ತ ತಿರುಗಿ ಅನ್ನವನ್ನು ನೋಡಿದಳು. ಅವಳ ಮುಖ ಮುದುಡಿಹೋಯಿತು.

"ಈ ಸಲವೂ ಏನಿಲ್ಲ ಸೆಂದಾ," ಅಂದಳು, ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ಎದ್ದು ಬೇಯಿಸೋಕೆ ಆಗಲ್ಲ. ಅವತ್ತೂ ಏನೂ ಇರ್ಲಿಲ್ಲ. ಬಂದವರಿಗೆಲ್ಲ ಬಡಿಸಿ ಪಾತ್ರೆ ಬಳಿದು ಆಗಿತ್ತು. ನೀನು ಒದ್ದೆ ಬಟ್ಟೇಲಿ, ಹಸ್ಕೊಂಡು ಬಂದು ನಿಂತಿದ್ದೆ. ಊರವರಾದ್ರೆ ಸುಳ್ಳೇ ಕರೀತಿದ್ದೆ. ಅಮ್ಮನ ಮನೇಲಿ ನಿನ್ನ ಹೆಂಗೆ ಸುಳ್ಳೇ ಕರೀಲಿ? ಪಕ್ಕದ ಮನೇಲಿ ಅಕ್ಕಿ ತರೋಣ ಅಂತ ಹಿಂದಿನ ಬಾಗಿಲಿಂದ ಓಡಿದೆ. ಬಂದು ನೋಡಿದ್ರೆ ನೀನು ಇಲ್ಲ."

ನನ್ನ ಕೈಯಲ್ಲಿ ಎಲೆ ಹಾಗೇ ಉಳಿಯಿತು. ಇಪ್ಪತ್ತು ವರ್ಷ! ಒಬ್ಬಳು ಮೇಲೆ, ಒಬ್ಬಳು ಕೆಳಗೆ. ಒಂದು ಸೇರು ಅಕ್ಕಿಗೆ!

ಸೆಂದಾ ಒಳಗೆ ಹೋದಳು, ಚಾಪೆಯ ಹತ್ತಿರ ಹೋಗಲಿಲ್ಲ, ನೇರ ಒಲೆಯ ಮುಂದೆ ಕೂತಳು. ಪುಳ್ಳೆ ಮುರಿದಳು, ಊದಿದಳು. ಹೊಗೆ ಎದ್ದಿತು, ಅವಳು ಊದುತ್ತಲೇ ಇದ್ದಳು, ಬೆಂಕಿ ಹತ್ತಿದ ಮೇಲೂ ಊದುತ್ತಿದ್ದಳು. ಬೆನ್ನು ನಮ್ಮ ಕಡೆ ಇತ್ತು.

"ಮನಾಂಗ್," ಅಂತ ಅಕ್ಕನನ್ನು ಕರೆದಳು ಕೊನೆಗೆ, ತಿರುಗದೆ. "ನೀನು ಬಾ ಅಂದಿದ್ರೆ ಸಾಕಿತ್ತು. ನಾನೇ ಅಕ್ಕಿ ತಂದು ಬೇಯಿಸ್ತಿದ್ದೆ."

ಬಸಿಂಗ್ ಅಳುತ್ತಿದ್ದಳು. ಅಳುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ನಾನು ಹೋಗಿ ಅವಳ ಬೆನ್ನಿಗೆ ಕೈಕೊಟ್ಟು ಎತ್ತಿ ಕೂರಿಸಿದೆ. ನನಗೂ ಅಳು ಬಂತು, ತಡೆದುಕೊಳ್ಳಲು ಹೋಗಲಿಲ್ಲ.

ತಾಕ್ಯೋ ಕಲ್ಲು ಇಟ್ಟು ಮುಗಿಸಿ ಮೇಲೆ ಬಂದ. ಮೂವರು ಹೆಂಗಸರು ಮೂರು ಕಡೆ ಅಳುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತ. ಯಾರಾದರೂ ಏನಾದರೂ ಹೇಳುತ್ತಾರಾ ಅಂತ ಒಬ್ಬೊಬ್ಬರನ್ನೇ ನೋಡಿದ. ಹೊಗೆ ಜಾಸ್ತಿಯಾಯಿತು ಅಂತ ಅವನೇ ಹೇಳಿ, ಕಿಟಕಿಯ ಬಿದಿರು ತಟ್ಟಿಯನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಕೋಲು ಕೊಟ್ಟು ನಿಲ್ಲಿಸಿದ.

ನಮ್ಮ ಬುತ್ತಿಯ ಒಂದಿಷ್ಟು ಅನ್ನಕ್ಕೆ ನೀರು ಹಾಕಿ ಇಟ್ಟ ಗಂಜಿ ಬೆಂದಿತು. ಸೆಂದಾ ಆರಿಸಿ ಆರಿಸಿ ಅಕ್ಕನ ಬಾಯಿಗೆ ಇಟ್ಟಳು. ಬಸಿಂಗ್ ನಾಲ್ಕೈದು ಚಮಚ ನುಂಗಿ ಸಾಕು ಅಂದಳು, ಇನ್ನೊಂದು ಅಂತ ಸೆಂದಾ ಗದರಿದಳು, ಇನ್ನೊಂದು ನುಂಗಿದಳು. ನಾನೂ ತಾಕ್ಯೋನೂ ಉಳಿದ ಬುತ್ತಿ ತಿಂದೆವು. ಮಧ್ಯಾಹ್ನ ಕಳೆದ ಮೇಲೆ ಸೆಂದಾ, ನೀವಿಬ್ಬರು ಹೋಗಿ, ನಾನು ಇಲ್ಲೇ ಇರುತ್ತೇನೆ ಅಂದಳು. ಎಷ್ಟು ದಿನ ಅಂತ ತಾಕ್ಯೋ ಕೇಳಿದ. ಅಕ್ಕ ಇರೋ ತನಕ ಅಂದಳು. ಅವನು ತಲೆಯಾಡಿಸಿದ.

ನಾನೂ ತಾಕ್ಯೋನೂ ಹೊರಟೆವು. ಜಾರು ಇಳಿಯುವಾಗ ಬ್ರೇಕು ಸರಿಯಾಗಿ ಹಿಡಿದ, ಹೊ ಹೊ ಅಂತ ಬೈಕಿಗೆ ಸಮಾಧಾನ ಹೇಳಿದ. ಹೊಳೆಯ ದಡದಲ್ಲಿ ನಿಲ್ಲಿಸಿದ. ನನ್ನ ಕಡೆ ತಿರುಗಿ, ಬೆಳಗಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಕೇಳಿದ:

"ಮಾರೆ, ನಿಜ ಹೇಳು. ಅವಳು ಹತ್ತಿದ್ದು ಸೀಟು ಮೆತ್ತಗಿತ್ತು ಅಂತ ತಾನೆ?"

ಅವನ ಮುಖ ನೋಡಿದೆ. ಎಲ್ಲ ಹೇಳಿಬಿಡೋಣ ಅಂತ ನಾಲಿಗೆಯ ತುದಿಗೆ ಬಂದಿತ್ತು.

"ಹೌದು ಪಾರೆ," ಅಂದೆ. "ಅಷ್ಟು ಮೆತ್ತಗಿರದೆ ಇದ್ರೆ ಅವಳು ಎಲ್ಲಿ ಕೂರ್ತಿದ್ಳು?"

ಅವನು ಹಿಂದಕ್ಕೆ ಕೈ ಚಾಚಿ ನಮ್ಮಿಬ್ಬರ ನಡುವೆ ಖಾಲಿಯಿದ್ದ, ಹೆಂಡತಿ ಕೂತಿದ್ದ ಜಾಗವನ್ನು ಅಂಗೈಯಿಂದ ಒಂದು ಸಲ ಸವರಿದ. ಆಮೇಲೆ ಗೇರು ಹಾಕಿ ಬೈಕನ್ನು ನೀರಿಗೆ ಇಳಿಸಿದ.